ಕುದುರೆ ಡಾಕ್ಟರನ ನಲವತ್ತೆಂಟು ಸವಾರರು

ಕುದುರೆ ಡಾಕ್ಟರ್ ಕಳೆದ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತೀರಿಕೊಂಡ. ಹೃದಯ ನಿಂತಿತು. ವಯಸ್ಸು ಅರವತ್ತೊಂದು. ಸತ್ತದ್ದು ಗೆಳೆಯನ ಮನೆಯ ಹೊರಕೋಣೆಯಲ್ಲಿ, ಎರಡು ಮೇಜುಗಳನ್ನು ಜೋಡಿಸಿ ಹಸಿರು ಬಟ್ಟೆ ಹಾಸಿದ್ದ ಕಡೆ. ಗೆಳೆಯ ಅವನ ಹೆಂಡತಿಗೆ ಫೋನ್ ಮಾಡಿ, ಹೇಳಬೇಕಾದ್ದನ್ನು ಹೇಗೋ ಹೇಳಿ ಮುಗಿಸಿದ. ಆಮೇಲೆ ಆಕೆ ಕೇಳಿದ್ದು ಒಂದೇ ಮಾತು.

"ಆಟ ಶುರುವಾಗಿತ್ತಾ?"

"ಆಗಿತ್ತು, ಅತ್ತಿಗೆ."

"ಸದ್ಯ," ಎಂದರು ಅತ್ತಿಗೆ. ಫೋನ್ ಇಟ್ಟರು.

ಅವನು ಡಾಕ್ಟರನೂ ಅಲ್ಲ, ಜೀವಮಾನದಲ್ಲಿ ಒಮ್ಮೆಯಾದರೂ ನಿಜವಾದ ಕುದುರೆಯ ಮೈ ಮುಟ್ಟಿದವನೂ ಅಲ್ಲ. ದಂತವೈದ್ಯರೊಬ್ಬರ ಚಿಕಿತ್ಸಾಲಯದ ಹಿಂಬದಿ ಕೋಣೆಯಲ್ಲಿ ಕೂತು ಮೂವತ್ನಾಲ್ಕು ವರ್ಷ ಕಟ್ಟುಹಲ್ಲು ಮಾಡಿದವನು. ಮನೆಗೆ ಬಂದ ಮೇಲೆ ಅಂಥದೇ ಗರಗಸ, ಅಂಥದೇ ಗುಲಾಬಿ ಮೇಣ, ಸೂಜಿಮೊನೆಯ ಅಂಥದೇ ಡ್ರಿಲ್ಲು ಹಿಡಿದು ಹೆಬ್ಬೆರಳುದ್ದದ ತವರದ ಕುದುರೆಗಳ ಕಾಲು ಕತ್ತರಿಸಿ, ಬೇರೆ ಕಡೆಗೆ ಬಾಗಿಸಿ ಮತ್ತೆ ಜೋಡಿಸುತ್ತಿದ್ದ. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ, "ಏನ್ ಡಾಕ್ಟ್ರೇ, ಪೇಷಂಟು ಉಳಿಯುತ್ತಾ?" ಎಂದು ಕೇಳಿದ್ದೇ ಹೆಸರಾಗಿ ನಿಂತಿತು.

ಗೆಳೆಯ ಅಂಚೆ ಕಚೇರಿಯ ಪಾರ್ಸೆಲ್ ಗುಮಾಸ್ತ. ಹತ್ತೊಂಬತ್ತು ವರ್ಷದ ಹಿಂದೆ ಹೊರದೇಶದ ಅಂಚೆಚೀಟಿಯಿದ್ದ ಡಬ್ಬಿಯೊಂದು ಅವನ ಕೈಗೆ ಬಂತು. ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ತೆಗೆದುಕೊಂಡು ಹೋಗಲು ಬಂದ ತೆಳ್ಳಗಿನ ಮನುಷ್ಯ ನಿಂತಲ್ಲಿ ನಿಲ್ಲದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ.

"ಒಳಗೇನ್ರಿ?"

"ಕುದುರೆ."

"ಎಷ್ಟು?"

"ಹನ್ನೆರಡು."

"ಪಾಪ, ಇಕ್ಕಟ್ಟಾಗಿರಬೇಕು," ಎಂದ ಗುಮಾಸ್ತ, ಮುಖದ ಒಂದು ಗೆರೆಯೂ ಅಲುಗದಂತೆ.

ಆ ಸಂಜೆಯೇ ಇಬ್ಬರೂ ಆ ಡಬ್ಬಿಯನ್ನು ಒಟ್ಟಿಗೆ ಬಿಚ್ಚಿದರು. ಇನ್ನೂರು ವರ್ಷದ ಹಿಂದೆ ನೆಪೋಲಿಯನ್ನನ ಜೊತೆ ಹೋದ ಸವಾರರು ಅವರು. ತಿಂಗಳು ಕಳೆಯುವುದರೊಳಗೆ ಗುಮಾಸ್ತನಿಗೂ ಹುಚ್ಚು ಹಿಡಿಯಿತು. ಒಪ್ಪಂದವಾಯಿತು: ಒಬ್ಬ ಕುದುರೆ ಪಡೆ ಮಾಡಬೇಕು, ಇನ್ನೊಬ್ಬ ಅದಕ್ಕೆ ಎದುರು ನಿಲ್ಲುವ ಕಾಲ್ದಳ. ಎರಡೂ ಮುಗಿದ ದಿನ ಮೇಜಿನ ಮೇಲೆ ಇಳಿಸಿ, ಅಳತೆಪಟ್ಟಿ ಇಟ್ಟುಕೊಂಡು, ದಾಳ ಉರುಳಿಸಿ ಒಂದು ಯುದ್ಧ ಆಡಬೇಕು. ಗುಮಾಸ್ತ ಅಂದಿನಿಂದ ಕಾಲಾಳು ಆದ.

ಕಾಲಾಳುವಿನ ಇನ್ನೂರು ಸೈನಿಕರು ಐದು ವರ್ಷಕ್ಕೆ ಮುಗಿದರು. ಆ ಒಂದು ಆಟಕ್ಕಾಗಿ ಅವನು ಇನ್ನೂ ಹದಿನಾಲ್ಕು ವರ್ಷ ಕಾದ.

ಕುದುರೆ ಡಾಕ್ಟರನಿಗೆ ಯಾವುದೂ ಮುಗಿಯುತ್ತಿರಲಿಲ್ಲ. ಡಬ್ಬಿಯಲ್ಲಿ ಬಂದ ಸವಾರರೆಲ್ಲ ಒಂದೇ ಅಚ್ಚಿನವರು, ಎಲ್ಲರ ಮುಖವೂ ಎಡಕ್ಕೆ. "ಇಷ್ಟು ಜನವೂ ಒಂದೇ ಕಡೆ ನೋಡೋಕೆ ಅಲ್ಲೇನು ಬಸ್ ಬರ್ತಿದೆಯಾ?" ಎನ್ನುತ್ತಿದ್ದ. ತಲೆಗಳನ್ನು ಕೊಯ್ಯುತ್ತಿದ್ದ. ಕುತ್ತಿಗೆಗೆ ಕೂದಲಿನಷ್ಟು ತೆಳ್ಳಗಿನ ತಂತಿ ಚುಚ್ಚಿ, ಒಬ್ಬನನ್ನು ಹಿಂದಕ್ಕೆ, ಒಬ್ಬನನ್ನು ನೆಲಕ್ಕೆ, ಒಬ್ಬನನ್ನು ಪಕ್ಕದವನ ಕುದುರೆಯತ್ತ ತಿರುಗಿಸುತ್ತಿದ್ದ. ಮೇಣದಿಂದ ಮೇಲಂಗಿಯ ಮಡಿಕೆ ಎಬ್ಬಿಸುತ್ತಿದ್ದ. ಮೂರೇ ಎಳೆಯ ಕುಂಚದಲ್ಲಿ ಗುಂಡಿಗೊಂದು ಬೆಳಕಿನ ಚುಕ್ಕೆ. ಆದರೆ ಬಣ್ಣ ಒಣಗುವಷ್ಟರಲ್ಲಿ ಅವನಿಗೆ ಬೇರೇನೋ ಕಾಣುತ್ತಿತ್ತು. ಓಡುವ ಕುದುರೆ ಹಾಗೆ ಕಾಲು ಚಾಚುವುದಿಲ್ಲ. ಈ ಕಂದು ತೀರಾ ಕೆಂಪು. ಮತ್ತೆ ಗರಗಸ. ಕೂರುತ್ತಿದ್ದ, ಏಳುತ್ತಿದ್ದ, ಕೋಣೆಯಲ್ಲಿ ನಾಲ್ಕು ಸುತ್ತು ಹಾಕಿ ಮತ್ತೆ ಕೂರುತ್ತಿದ್ದ. ಸಿನಿಮಾ ನೋಡುವಾಗಲೂ ಅವನ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಉಜ್ಜುತ್ತಲೇ ಇರುತ್ತಿತ್ತು.

"ಮದುವೆಯಾದ ಹೊಸದರಲ್ಲಿ ನನ್ನನ್ನೂ ಹೀಗೇ ನೋಡ್ತಿದ್ದರು," ಎಂದಿದ್ದರು ಅತ್ತಿಗೆ ಒಮ್ಮೆ. "ಎಲ್ಲಿ ಕತ್ತರಿಸಲಿ ಅಂತ." ಸಕ್ಕರೆ ಡಬ್ಬಿಯಲ್ಲಿ ಅವರಿಗೆ ಕುದುರೆಯ ಕಾಲೊಂದು ಸಿಕ್ಕ ದಿನ ಅದು.

ಮೂರು ವರ್ಷದ ಹಿಂದೆ ನಿಜವಾದ ಡಾಕ್ಟರೊಬ್ಬರು ಅವನ ಎದೆಯ ಮೇಲೆ ಕೊಳವೆ ಇಟ್ಟು ಕೇಳಿದರು. ಹೃದಯ ಸೋತಿದೆ, ಮೆಟ್ಟಿಲು ಹತ್ತಬಾರದು, ಮನಸ್ಸಿಗೆ ಏನೂ ಹಚ್ಚಿಕೊಳ್ಳಬಾರದು ಎಂದರು. ಹೊರಗೆ ಬಂದವನು ಬೀದಿಯಲ್ಲೇ ನಿಂತು ಕಾಲಾಳುವಿಗೆ ಹೇಳಿದ: "ನಲವತ್ತೆಂಟಕ್ಕೆ ನಿಲ್ಲಿಸ್ತೀನಿ ಕಣೋ. ನಲವತ್ತೆಂಟು ಸವಾರರು, ಎಲ್ಲರೂ ಕತ್ತಿ ಎತ್ತಿಕೊಂಡು ನುಗ್ತಿರಬೇಕು. ಆಮೇಲೆ ಆಡೋಣ."

"ಮಾತು ಕೊಟ್ಟೆಯಾ?"

"ಕೊಟ್ಟೆ. ಈಗ ನಡಿ, ನಿಂತ್ರೆ ಕಾಲು ಜುಮ್ಮೆನ್ನುತ್ತೆ."

ಅಚ್ಚಿನ ತೋಳು ಅವನಿಗೆ ಹಿಡಿಸಲಿಲ್ಲ. ಸೋಮಾರಿ ತೋಳು ಎಂದ. ಎರಡೂ ತೋಳನ್ನು ತಾನೇ ಹೊಸದಾಗಿ ಮಾಡಲು ಹೊರಟ. ಬೀರುವಿನ ಕನ್ನಡಿಯ ಮುಂದೆ ಕುರ್ಚಿಯನ್ನು ಕುದುರೆ ಮಾಡಿಕೊಂಡು, ಬಲಗೈಯಲ್ಲಿ ಸೌಟು ಎತ್ತಿ, ಕನ್ನಡಿಯೊಳಗಿನ ಸವಾರನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ನೋಡಿದ್ದನ್ನು ಮೇಣದಲ್ಲಿ ಇಳಿಸಿದ.

"ಯಾರ ಮೇಲೆ ದಂಡಯಾತ್ರೆ?" ಅಡುಗೆಮನೆಯಿಂದ ಅತ್ತಿಗೆ.

"ನಿನ್ನ ಮೇಲಂತೂ ಅಲ್ಲ. ಸೋಲೋ ಯುದ್ಧ ನಾನು ಮಾಡಲ್ಲ."

"ಸೌಟು ವಾಪಸ್ ಕೊಡಿ ಹಾಗಾದ್ರೆ."

ಆ ಮೇಣದಿಂದ ಅಚ್ಚು ತೆಗೆದು, ತವರ ಸುರಿದು ನಲವತ್ತೆಂಟು ಜೊತೆ ತೋಳು ಮಾಡಿದ. ಮೊದಲ ಆರು ಸವಾರರನ್ನು ಬಣ್ಣ ಹಚ್ಚಿ ತಂದು ಕಾಲಾಳುವಿನ ಅಂಗೈಯಲ್ಲಿಟ್ಟ. ಕಾಲಾಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕತ್ತಿಯ ಒರೆ ಸವಾರನ ಎಡಸೊಂಟದಲ್ಲಿ, ಎಲ್ಲಿರಬೇಕೋ ಅಲ್ಲೇ ತೂಗುತ್ತಿತ್ತು. ಬಲಗೈಯಲ್ಲಿ ಇರಬೇಕಾದ ಕತ್ತಿಯೂ ಎಡಗೈಯಲ್ಲೇ ಇತ್ತು. ಬಾಯೊಳಗಿನ ಅಚ್ಚನ್ನು ತಿರುವುಮುರುವು ಮಾಡಿ ಮೂವತ್ನಾಲ್ಕು ವರ್ಷ ಹಲ್ಲು ಕಟ್ಟಿದವನು, ಒಮ್ಮೆಯೂ ಎಡದ ಹಲ್ಲನ್ನು ಬಲಕ್ಕೆ ಕೂರಿಸದವನು, ಕನ್ನಡಿಯನ್ನು ನಂಬಿಬಿಟ್ಟಿದ್ದ.

ಹೇಳಿದರೆ ಅಷ್ಟನ್ನೂ ಒಡೆಯುತ್ತಾನೆ. ಹೊಸ ತೋಳು, ಹೊಸ ಅಚ್ಚು, ಮತ್ತೆ ಬಣ್ಣ. ಆ ಹೃದಯದಲ್ಲಿ ಅಷ್ಟು ವರ್ಷ ಉಳಿದಿದೆಯೇ? ಕಾಲಾಳು ಸವಾರನನ್ನು ತಿರುಗಿಸಿ ತಿರುಗಿಸಿ ನೋಡಿದ.

"ಚೆನ್ನಾಗಿದೆ," ಎಂದ.

ಮೂರು ವರ್ಷ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಅವನನ್ನು ಕಾಡಿತು. ಆರು ಹದಿನೆಂಟಾಯಿತು, ಮೂವತ್ತಾಯಿತು, ಪ್ರತಿ ಸಲವೂ ಚೆನ್ನಾಗಿದೆ ಎಂದ. ಕೊನೆಗೆ ನಲವತ್ತೆಂಟೂ ಮುಗಿದವು. ದಿನ ಗೊತ್ತಾಯಿತು: ಮುಂದಿನ ಭಾನುವಾರ, ಮೂರು ಗಂಟೆಗೆ.

ಅದಕ್ಕೆ ನಾಲ್ಕು ದಿನ ಮೊದಲು, ಬುಧವಾರ, ಪಾರ್ಸೆಲ್ ಸಾಲಿನಲ್ಲಿ ಕುದುರೆ ಡಾಕ್ಟರ್ ನಿಂತಿದ್ದ. ಸರದಿ ಬಂದಾಗ ಬೆಂಕಿಪೊಟ್ಟಣ ತೆರೆದು ಒಬ್ಬ ಸವಾರನನ್ನು ಕೌಂಟರಿನ ಮೇಲೆ ನಿಲ್ಲಿಸಿದ.

"ಧೂಳು ಒರೆಸ್ತಾ ನಿಮ್ಮತ್ತಿಗೆ ಕೇಳಿದಳು, ಇವರೆಲ್ಲ ಎಡಚರಾ ಅಂತ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವತ್ತಿಂದ?"

"ಮೊದಲ ಆರರಿಂದ."

"ಪಾರ್ಸೆಲ್ ಮಾಡ್ತೀರೋ, ಸಂಸಾರ ಬಿಚ್ತೀರೋ?" ಎಂದರು ಹಿಂದೆ ನಿಂತಿದ್ದ ಹೆಂಗಸು.

ಅವನು ತಿರುಗಿಯೂ ನೋಡಲಿಲ್ಲ. "ಚೆನ್ನಾಗಿದೆ ಅನ್ನೋಕೆ ಊರೆಲ್ಲ ಇದೆಯಲ್ಲೋ. ತಪ್ಪು ಹೇಳೋಕೆ ಅಂತ ಇದ್ದವನು ನೀನೊಬ್ಬ." ಸವಾರನನ್ನು ಪೊಟ್ಟಣಕ್ಕೆ ಹಾಕಿಕೊಂಡು ಹೊರಟುಹೋದ. ಅಷ್ಟು ಬಿರುಸಾಗಿ ನಡೆಯಬಾರದು ಎಂದು ಕೂಗಿ ಹೇಳಬೇಕೆನಿಸಿತು. ಕಾಲಾಳು ಹಿಂದಿನವರ ಪಾರ್ಸೆಲ್ ಎಳೆದು ತಕ್ಕಡಿಗಿಟ್ಟ.

ಶುಕ್ರವಾರ ಅತ್ತಿಗೆಯ ಫೋನ್ ಬಂತು. "ತಟ್ಟೆ ತುಂಬ ತೋಳು. ಒಬ್ಬನನ್ನೂ ಬಿಟ್ಟಿಲ್ಲ. ನನ್ನ ಬಾಯಿಗೆ ಬೆಂಕಿ ಹಾಕ, ಧೂಳು ಒರೆಸಿ ಸುಮ್ಮನಿರಬಾರದಿತ್ತಾ?"

"ನಾನು ಸುಮ್ಮನಿದ್ದೆನಲ್ಲ ಅತ್ತಿಗೆ, ಅದೇ ತಪ್ಪಾಯ್ತು."

ಭಾನುವಾರ ಆಟ ಇಲ್ಲವೆಂದು ಗೊತ್ತಿದ್ದೂ ಕಾಲಾಳು ಮೇಜುಗಳನ್ನು ಜೋಡಿಸಿದ. ಬಟ್ಟೆ ಹಾಸಿದ. ಇನ್ನೂರು ಸೈನಿಕರನ್ನು ಸಾಲಾಗಿ ನಿಲ್ಲಿಸಿದ. ಆ ಹೊತ್ತನ್ನು ಕಳೆಯಲು ಕೈಗೆ ಬೇರೆ ಕೆಲಸ ತೋಚಲಿಲ್ಲ. ಮೂರೂವರೆಗೆ ಕರೆಗಂಟೆ ಹೊಡೆಯಿತು. ಬಾಗಿಲಲ್ಲಿ ಕುದುರೆ ಡಾಕ್ಟರ್, ಕಂಕುಳಲ್ಲಿ ಎರಡು ಶೂ ಡಬ್ಬಿ, ಮೂರು ಮಹಡಿ ಹತ್ತಿ ತುಟಿ ನೀಲಿಯಾಗಿತ್ತು.

"ಕೂತ್ಕೋ ಮೊದಲು."

"ಕೂರೋದಕ್ಕೆ ಬಂದಿಲ್ಲ."

ಒಬ್ಬೊಬ್ಬರನ್ನೇ ತೆಗೆದು ಮೇಜಿನ ಆ ಅಂಚಿನಲ್ಲಿ ನಿಲ್ಲಿಸಿದ. ಏಳು ಜನಕ್ಕೆ ಬಲಗೈಯಲ್ಲಿ ಹೊಸ ಕತ್ತಿ ಬಂದಿತ್ತು, ಬಣ್ಣವಿಲ್ಲದೆ. ಉಳಿದ ನಲವತ್ತೊಂದು ಜನಕ್ಕೆ ತೋಳೇ ಇಲ್ಲ. ತೋಳು ಇದ್ದ ಕಡೆ ತವರದ ಬಿಳಿ ಚುಕ್ಕೆಗಳು.

"ಕೈಯಿಲ್ಲದೆ ಹೇಗಯ್ಯಾ ಯುದ್ಧ?"

"ಏಳು ಜನ ಹೊಡೀತಾರೆ, ಉಳಿದವರು ಬೈತಾರೆ. ಕುದುರೆಗೆ ಕಾಲಿದೆಯಲ್ಲ, ಸಾಕು." ಉಸಿರು ಹಿಡಿಯಲು ಮೇಜಿಗೆ ಒರಗಿದ. "ಲೆಕ್ಕ ಹಾಕಿದೆ ಕಣೋ. ಇನ್ನೂ ಒಂದು ವರ್ಷ ಬೇಕು. ಮುಂದಿನ ವರ್ಷ, ಮುಂದಿನ ವರ್ಷ ಅಂತ ನನಗೇ ಸಾಕಾಗಿದೆ. ಈಗ ಬಾಯಿ ಬಿಡು. ಏನು ತಪ್ಪಿದೆ ಹೇಳು."

ಕಾಲಾಳು ಬಗ್ಗಿ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದ.

"ಮುಂದಿನ ಸಾಲು, ಮೂರನೇ ಕುದುರೆ. ಬಾಲ ದಪ್ಪ."

"ಹೂಂ." ಅವನ ಮುಖ ಇಷ್ಟಗಲವಾಯಿತು. "ಹಾಗೆ ಬಾ ದಾರಿಗೆ."

ಮೊದಲ ನಡೆ ಕುದುರೆಗಳದು. ಅಳತೆಪಟ್ಟಿ ಹಿಡಿದು ಹನ್ನೆರಡು ಅಂಗುಲ ಗುರುತು ಮಾಡಿದ. ಮುಂದಿನ ಸಾಲನ್ನು, ಆಮೇಲೆ ಹಿಂದಿನ ಸಾಲನ್ನು, ಒಬ್ಬೊಬ್ಬರನ್ನಾಗಿ ಎರಡು ಬೆರಳಲ್ಲಿ ಎತ್ತಿ ಮುಂದೆ ಇಟ್ಟ. ನಲವತ್ತೆಂಟಾಗಲು ಇಪ್ಪತ್ತು ನಿಮಿಷವೇ ಹಿಡಿಯಿತು; ಗಡಿಯಾರದಲ್ಲಿ ನಾಲ್ಕು ದಾಟಿತ್ತು. ಕಾಲಾಳು ಬೇಗ ಎನ್ನಲಿಲ್ಲ. ದಾಳಗಳನ್ನು ಎತ್ತಿ ಅವನತ್ತ ಚಾಚಿದ. ಅವನು ತೆಗೆದುಕೊಳ್ಳಲಿಲ್ಲ. "ತಾಳು" ಎಂದು ಅಂಗಿಯ ಜೇಬಿನಿಂದ ಸಣ್ಣ ಚಾಕು ತೆಗೆದ. ಮುಂದಿನ ಸಾಲಿನ ಮೂರನೇ ಕುದುರೆಯನ್ನು ಎತ್ತಿಕೊಂಡು, ಕಣ್ಣಿನ ಹತ್ತಿರ ಹಿಡಿದು, ಬಾಲವನ್ನು ಒಂದು ಎಳೆಯಷ್ಟು ಕೆರೆದ. ಪುಡಿಯನ್ನು ಊದಿದ. ಕುದುರೆಯನ್ನು ಅದರ ಜಾಗದಲ್ಲಿಟ್ಟು, ಉಗುರಿನಿಂದ ನೂಕಿ ಸಾಲಿಗೆ ಸರಿಮಾಡಿದ.