ಕೊರಳಿಗೆ ರಟ್ಟು ಕಟ್ಟಿದವಳು ನಾನೇ

ಮುರ್ಡೇಶ್ವರದ ಹತ್ತಿರದ ಶಾಲೆಗೆ ವರ್ಗವಾಗಿ ಬಂದಾಗ ನನ್ನ ಎರಡನೇ ತರಗತಿಯ ಅರ್ಧ ಮಕ್ಕಳ ಮನೆಮಾತು ಕೊಂಕಣಿ. ಕನ್ನಡ ಬೇಗ ಬರಲಿ ಎಂದು ನಾನೊಂದು ಪದ್ಧತಿ ತಂದೆ. ಮನೆಮಾತು ಆಡಿದವರ ಕೊರಳಿಗೆ ದಾರ ಕಟ್ಟಿದ ರಟ್ಟು. ಇನ್ನೊಬ್ಬರು ಸಿಕ್ಕಿಬೀಳುವವರೆಗೆ ಅದು ಅವರದೇ. ಭಾರೀ ಬುದ್ಧಿವಂತೆ ನಾನು! ಸಂತೆಗುಳಿ ಕಡೆಯವಳಾದ ನನ್ನನ್ನು ಕುಮಟಾದ ಹೈಸ್ಕೂಲಿನಲ್ಲಿ ನನ್ನ ಮನೆಮಾತಿನ ‘ಇಲ್ಲೆ, ಬತ್ತೆ’ ಹಿಡಿದು ಅಣಕಿಸಿ ಅಳಿಸಿದ್ದರು. ಈ ಮಕ್ಕಳಿಗೆ ಹಾಗಾಗಬಾರದೆಂದೇ ಇದೆಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ.

ಒಂದು ಮಧ್ಯಾಹ್ನ ಊಟವಾದ ಮೇಲೆ ಮೀನುಗಾರರ ಮನೆಯ ಹುಡುಗಿಯೊಬ್ಬಳು ಕೂತಲ್ಲೇ ವಾಂತಿ ಮಾಡಿಕೊಂಡಳು. ಮತ್ತೆ ಮಾಡಿಕೊಂಡಳು. ಅದರಲ್ಲಿ ಬಿಳಿ ಬೀಜದ ಚೂರು ಕಂಡಿತು. ಶಾಲೆಯ ಬೇಲಿಯಲ್ಲಿ ಕಾಡುಹರಳು ಇತ್ತು. ಅದರ ಬೀಜ ತಿನ್ನಲು ರುಚಿ, ಹೊಟ್ಟೆಗೆ ವಿಷ. ಮಕ್ಕಳು ಇಂಥದ್ದನ್ನು ಒಬ್ಬರೇ ತಿನ್ನುವುದುಂಟೇ?

“ಇನ್ನು ಯಾರು ತಿಂದಿದ್ದಾರೆ? ಬೇಗ ಹೇಳು” ಎಂದೆ. ಅವಳು ಕೊರಳಿನ ರಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಬಿಗಿದಳು. ಬೇಡಿಕೊಂಡೆ, ಗದರಿದೆ. ದಾರ ಕಿತ್ತು ರಟ್ಟು ಎಸೆದೆ. ಊಹೂಂ. ಹೊತ್ತು ಹೋಗುತ್ತಿತ್ತು. ಯಾವುದೋ ಮೂಲೆಯಲ್ಲಿ ಇನ್ನೊಂದು ಮಗು ಬಿದ್ದಿದ್ದರೆ ಎಂಬ ಹೆದರಿಕೆಗೆ ನನ್ನ ಬಾಯಿಂದ ಅಮ್ಮನ ಹತ್ತಿರ ಆಡುವ ಮನೆಮಾತು ಬಂದುಬಿಟ್ಟಿತು.

“ಎಂತ ತಿಂದ್ಯೆ ಕೂಸೆ? ಹೆದ್ರಡ, ಆನು ಬೈತ್ನಿಲ್ಲೆ.”

ಅವಳು ಕಣ್ಣೆತ್ತಿದಳು. ಬೈಯುವುದಿಲ್ಲ ಎಂದದ್ದು ತಿಳಿಯಿತೋ, ಟೀಚರಿಗೂ ಮನೆಮಾತು ಇದೆ ಎಂದು ಅನ್ನಿಸಿತೋ, ಅಳುತ್ತ ಕೊಂಕಣಿಯಲ್ಲಿ ಗಡಗಡ ಹೇಳತೊಡಗಿದಳು. ನನಗೆ ಅರ್ಥವಾಗಲಿಲ್ಲ; ಬಾಗಿಲಲ್ಲಿ ನಿಂತಿದ್ದ, ಕೊಂಕಣಿ ಬಲ್ಲ ಬಿಸಿಯೂಟದ ಅಕ್ಕನ ಮುಖ ಕಪ್ಪಿಟ್ಟಿತು. “ಟೀಚರೇ, ಅಂಗನವಾಡಿಲಿದ್ದ ತಂಗಿಗೂ ತಿನ್ಸಿದ್ಲಂತೆ.”

ಪಕ್ಕದ ಕಟ್ಟಡಕ್ಕೆ ಹೇಗೆ ಓಡಿದೆನೋ ಗೊತ್ತಿಲ್ಲ. ಉಳಿದ ಮಕ್ಕಳ ಜೊತೆ ಚಾಪೆಯ ಮೇಲೆ ಮಲಗಿಸಿದ್ದ ಆ ಪುಟ್ಟದು ಗೋಡೆ ಕಡೆ ಮುಖ ಮಾಡಿತ್ತು. ನಿದ್ದೆ ಎಂದುಕೊಂಡಿದ್ದರು. ತಿರುಗಿಸಿದರೆ ಬಾಯಿಂದ ವಾಂತಿ ಇಳಿದಿತ್ತು, ಕರೆದರೆ ಓಗೊಡಲಿಲ್ಲ. ಸತ್ತೇ ಹೋಗಿದೆ ಎಂದುಕೊಂಡೆ. ರಿಕ್ಷಾದಲ್ಲಿ ಭಟ್ಕಳದ ಆಸ್ಪತ್ರೆ ಮುಟ್ಟುವವರೆಗೂ ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದೆ. ದೊಡ್ಡವಳು ಬಿಸಿಯೂಟದ ಅಕ್ಕನ ತೊಡೆಯ ಮೇಲಿದ್ದಳು.

ಇಬ್ಬರೂ ಉಳಿದರು. ಮಾರನೇ ದಿನ ಗಂಜಿ ಕುಡಿದರು.

ಬೇಲಿಯ ಗಿಡಗಳನ್ನು ಕಡಿಸಿದೆವು. ರಟ್ಟನ್ನು ಬಚ್ಚಲ ಒಲೆಗೆ ಹಾಕಿದೆ. ಈಗ ನನ್ನ ತರಗತಿಯಲ್ಲಿ ಯಾರಿಗೆ ಯಾವ ಮಾತು ಬರುತ್ತದೋ ಅದರಲ್ಲಿ ಮೊದಲು ಹೇಳುವುದು, ಗೊತ್ತಿದ್ದವರು ಅದನ್ನು ಕನ್ನಡಕ್ಕೆ ತರುವುದು. ಅಡುಗೆ ಆದ ಮೇಲೆ ಅಕ್ಕ ಬಂದು ಕೂರುತ್ತಾರೆ. ನವಾಯತಿ ಮಾತಾಡುವ ಮನೆಯ ಮಗುವೊಂದು ಬಂದಿದೆ, ಅದರಿಂದ ನಾವೆಲ್ಲ ಆ ಮಾತು ಕಲಿಯುತ್ತಿದ್ದೇವೆ. ನಾನು ನನ್ನ ಮನೆಮಾತು ಆಡಿದರೆ ಮಕ್ಕಳು ನಗುತ್ತಾರೆ; ನಗಲಿ. ಕನ್ನಡವೇನೂ ಓಡಿಹೋಗಿಲ್ಲ.

ಆ ಹುಡುಗಿಗೆ ಈಗ ನಾಲ್ಕನೇ ತರಗತಿ. ಅರಳು ಹುರಿದಂತೆ ಕನ್ನಡ ಮಾತಾಡುತ್ತಾಳೆ. ಮೊನ್ನೆ ನನ್ನ ಜೊತೆ ಪುಸ್ತಕ ಜೋಡಿಸುತ್ತಿದ್ದವಳು ಸುಮ್ಮನೆ ಅಂದಳು: “ಟೀಚರ್, ಅವತ್ತು ವಾಂತಿ ಆಗೂಕೆ ಮೊದ್ಲೇ ನಾನು ನಿಮ್ಮ ಹತ್ರ ಬಂದಿದ್ದೆ. ತಂಗಿ ವಿಷ್ಯ ಹೇಳೂಕೆ. ಕನ್ನಡದಲ್ಲಿ ಹೇಳು ಅಂದ್ರಿ. ಬರ್ಲಿಲ್ಲ, ಹೋಗಿ ಕೂತ್ಕಂಡೆ.”

ಎಷ್ಟು ನೆನೆದರೂ ಅವಳು ಬಂದದ್ದು ನನಗೆ ನೆನಪಾಗುತ್ತಿಲ್ಲ.