ಅವಳ ಸಹಿ ಇಲ್ಲದ ಅರ್ಜಿ

ನನ್ನನ್ನೂ ಅವಳನ್ನೂ ಒಂದೇ ದಿನ ಸಂದರ್ಶನಕ್ಕೆ ಕರೆದಿದ್ದರು. ಚಾಮರಾಜನಗರದ ಜಿಲ್ಲಾ ಕಚೇರಿಯ ಬೆಂಚಿನ ಮೇಲೆ ಕೂತು, ನಾನು ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ಹಂಚಿಕೊಂಡು ತಿಂದೆವು. ಇದ್ದದ್ದು ಒಂದೇ ಹುದ್ದೆ. ಅದು ನನ್ನದೇ ಎಂದುಕೊಂಡು ಮನೆಗೆ ಬಂದೆ. ವಾರದ ಮೇಲೆ ಅದು ಅವಳಿಗಾಯಿತು.

ನಾನು ಭೀಮನಬೀಡಿನವಳು. ಮಗುವಾಗಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿತು, ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ. ಅವಳು ಹರದನಹಳ್ಳಿಯಲ್ಲಿ ಹುಟ್ಟಿ ಗುಂಡ್ಲುಪೇಟೆಗೆ ಮದುವೆಯಾಗಿ ಬಂದವಳು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಮಣಿಕಟ್ಟಿನವರೆಗೆ ಹೋಗಿತ್ತು. ಅಂಗವಿಕಲರ ಕಲ್ಯಾಣದ ಈ ಕೆಲಸಕ್ಕೆ ನಮ್ಮಂಥವರನ್ನೇ ತೆಗೆದುಕೊಳ್ಳುತ್ತಾರೆ. ಪಂಚಾಯಿತಿಗೊಬ್ಬರು ಮನೆಮನೆ ತಿರುಗಿ, ಯಾರಿಗೆ ಕಿವಿ ಕೇಳದು, ಯಾರಿಗೆ ಗಾಲಿಕುರ್ಚಿ ಬೇಕು, ಯಾರ ಪಿಂಚಣಿ ನಿಂತಿದೆ ಎಂದು ಬರೆದುಕೊಂಡು ಬರಬೇಕು. ನಮ್ಮೆಲ್ಲರ ಮೇಲೆ ತಾಲ್ಲೂಕಿಗೆ ಒಬ್ಬರು, ನಾವಿಬ್ಬರೂ ಹೋಗಿದ್ದು ಆ ಹುದ್ದೆಗೇ. ಅವರ ಮೇಲೆ ಜಿಲ್ಲೆಯ ಅಧಿಕಾರಿ, ಅದರಾಚೆ ಬೆಂಗಳೂರು. ಊರಿನ ಕೆಲಸದಲ್ಲಿ ನನಗೆ ಒಂಬತ್ತು ವರ್ಷವಾಗಿತ್ತು, ಅವಳಿಗೆ ನಾಲ್ಕು. ಅವಳು ಡಿಗ್ರಿ ಮಾಡಿದ್ದಳು, ನನ್ನದು ಪಿಯುಸಿ. ಸಿಕ್ಕಿದ್ದು ಅದಕ್ಕೇ ಎಂದರೆ ಮನಸ್ಸು ಕೇಳಬೇಕಲ್ಲ.

ಅಲ್ಲಿಂದ ನನ್ನ ಪ್ರತಿ ಕಾಗದವೂ ಅವಳ ಮೇಜಿಗೆ ಹೋಗಬೇಕಾಯಿತು. ಗುಂಡ್ಲುಪೇಟೆಯ ತಾಲ್ಲೂಕು ಪಂಚಾಯಿತಿ ಕಚೇರಿಯ ಒಂದು ಮೂಲೆಯಲ್ಲಿ ಅವಳು ಕೂರುತ್ತಿದ್ದಳು. ಅವಳು ಸಹಿ ಮಾಡಿ ಸೀಲು ಒತ್ತಿದರೆ ಮಾತ್ರ ಅದಕ್ಕೆ ಜೀವ. ನನಗೆ ಅವಳ ಕೈ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿತ್ತು. ಮೇಲಿನ ಮಹಡಿಯಿಂದ ಯಾರಾದರೂ ಕೂಗಿದರೆ ಎರಡೆರಡು ಮೆಟ್ಟಿಲು ಹಾರಿ ಹೋಗುತ್ತಿದ್ದಳು. ನಾನು ಕಂಬಿ ಹಿಡಿದು ನಿಂತು ನೋಡುತ್ತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರ ಗಮನಕ್ಕೆ’ ಎಂದು ಅವಳ ಸಂದೇಶ ಬಂದರೆ ಓದಿ ಸುಮ್ಮನಾಗುತ್ತಿದ್ದೆ. ಉಳಿದವರು ಕೈಮುಗಿಯುವ ಚಿತ್ರ ಹಾಕುತ್ತಿದ್ದರು.

ಕಳೆದ ವರ್ಷ ಚಾಮರಾಜನಗರದಲ್ಲಿ ಉದ್ಯೋಗ ಮೇಳವಾಯಿತು. ಮೇಳ ನಡೆಸುವುದು ಉದ್ಯೋಗ ವಿನಿಮಯ ಕಚೇರಿ. ನಮ್ಮವರ ಹೆಸರುಗಳು ತಾಲ್ಲೂಕಿನಿಂದ ನಮ್ಮ ಜಿಲ್ಲಾ ಕಚೇರಿಗೆ ಹೋಗಿ, ಅಲ್ಲಿಂದ ಅವರಿಗೆ ಸೇರಬೇಕು. ನಮ್ಮೂರಲ್ಲಿ ಕಿವಿ ಕೇಳದ, ಮಾತು ಬಾರದ ಹುಡುಗಿಯೊಬ್ಬಳಿದ್ದಾಳೆ. ಅವಳು ಹೊಲಿದ ರವಿಕೆಗೆ ಪಕ್ಕದೂರಿನಿಂದಲೂ ಜನ ಬರುತ್ತಾರೆ. ಅವಳ ಅರ್ಜಿ ತುಂಬಿದವಳು ನಾನೇ. ಆದರೆ ಅದನ್ನು ಗುಂಡ್ಲುಪೇಟೆಗೆ ಒಯ್ಯಲು ಮನಸ್ಸಾಗಲಿಲ್ಲ. ಹುಡುಗಿಗೆ ಕೆಲಸ ಸಿಕ್ಕರೆ ಹೆಸರು ತಾಲ್ಲೂಕಿನವಳಿಗಲ್ಲವೇ ಬರುವುದು? ಬಸ್ಸು ಹತ್ತಿ ನೇರವಾಗಿ ಜಿಲ್ಲಾ ಕಚೇರಿಗೇ ಹೋದೆ.

ಗುಮಾಸ್ತರು ಅರ್ಜಿ ತಿರುಗಿಸಿ ನೋಡಿದರು. “ತಾಲ್ಲೂಕಿನವರ ಸಹಿ ಎಲ್ಲಮ್ಮಾ?”

“ಅವ್ರು ರಜದಲ್ಲವ್ರೆ ಸಾರ್.”

“ಇಟ್ಟಿರ್ತೀನಿ. ಬಂದ್ಮೇಲೆ ಫೋನ್ ಮಾಡಿ ಹೇಳೋಕೆ ಹೇಳಿ, ಆಮೇಲೆ ಸೇರಿಸ್ತೀನಿ.”

ಅವಳಿಗೆ ನಾನು ಹೇಳಲಿಲ್ಲ. “ನಿಮ್ಮೂರಿಂದ ಯಾರೂ ಇಲ್ವಾ?” ಎಂದು ಅವಳೇ ಎರಡು ಸಲ ಕೇಳಿದರೂ ಉತ್ತರಿಸಲಿಲ್ಲ. ಹುಡುಗಿಯ ತಾಯಿಗೆ ಮಾತ್ರ “ಎಲ್ಲಾ ಆಯ್ತು, ಬುಡು” ಎಂದುಬಿಟ್ಟೆ.

ಮೇಳದ ದಿನ ನಾವು ಮೂವರೂ ಮೊದಲ ಬಸ್ಸಿಗೇ ಹೋದೆವು. ಹೆಸರು ಕೂಗಿದರು, ಹುಡುಗಿಯ ಹೆಸರು ಬರಲೇ ಇಲ್ಲ. ಮೇಜಿನ ಹಿಂದೆ ಪಟ್ಟಿ ಹಿಡಿದು ಕೂತಿದ್ದವಳು ನಮ್ಮ ತಾಲ್ಲೂಕಿನವಳೇ. ತಾಯಿ ಅವಳ ಮುಂದೆ ಹೋಗಿ ನಿಂತರು. “ನನ್ ಮಗಳ ಎಸ್ರು ಎಲ್ಲೋಯ್ತವ್ವ? ಅರ್ಜಿ ಕೊಟ್ಟಿದ್ವಲ್ಲ?”

ಅವಳು ಪಟ್ಟಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಕ್ಯಾಲಿಪರಿನ ಪಟ್ಟಿ ಬಿಗಿಮಾಡುವವಳಂತೆ ಬಗ್ಗಿದೆ.

“ನಂದೇ ತಪ್ಪು ಕಣವ್ವ,” ಎಂದಳು. “ಪಟ್ಟಿ ಮಾಡುವಾಗ ಬುಟ್ಟೋಯ್ತು. ಇರಿ, ನೋಡ್ತೀನಿ.”

ಆಗಲಾದರೂ ನನ್ನ ಉರಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ಹುದ್ದೆ ಅವಳದಾಯಿತು, ಈಗ ಒಳ್ಳೆಯತನವೂ ಅವಳದೇ ಆಯಿತಲ್ಲ ಎಂದು ಇನ್ನಷ್ಟು ಉರಿಯಿತು. ಅವಳು ಮೈದಾನದ ಆಚೆ ತುದಿಗೆ ಓಡಿ, ಉದ್ಯೋಗ ಕಚೇರಿಯವರನ್ನು ಕರೆತಂದು, ಅಲ್ಲೇ ಹುಡುಗಿಯ ಹೆಸರು ಬರೆಸಿದಳು. ಅಷ್ಟರಲ್ಲಿ ಹೊಲಿಗೆ ಕೆಲಸಕ್ಕೆ ಬೇಕಾದವರನ್ನು ತೆಗೆದುಕೊಂಡು ಆಗಿತ್ತು. “ಮುಂದಿನ ಸಲ ಕರೀತೀವಿ” ಎಂದರು. ಹುಡುಗಿ ಇದೆಲ್ಲ ಏನೆಂದು ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಸನ್ನೆಯಲ್ಲಿ ಹೇಳಲು ನನ್ನ ಕೈಗಳು ಏಳಲಿಲ್ಲ.

ಸಂಜೆ ಗುಂಡ್ಲುಪೇಟೆ ಬಸ್ಸಿನಲ್ಲಿ ತಾಯಿ ಮಗಳು ಮುಂದೆ ಕೂತಿದ್ದರು. ತಾಲ್ಲೂಕಿನವಳು ಬಂದು ನನ್ನ ಪಕ್ಕದಲ್ಲಿ ಕೂತಳು.

“ಆ ಗುಮಾಸ್ತರು ಎಲ್ಲಾ ಯೋಳುದ್ರು. ನಾನು ಯಾವತ್ತಮ್ಮಿ ರಜ ಹಾಕಿದ್ದೆ?”

ನಾನು ಕಿಟಕಿಯ ಕಡೆ ತಿರುಗಿದೆ.

“ನನ್ ಮ್ಯಾಲೆ ಅಷ್ಟೊಂದು ಹೊಟ್ಟೆಕಿಚ್ಚಾ?”

“ಊಂ,” ಎಂದೆ. ಸುಳ್ಳು ಹೇಳಲು ಇನ್ನು ಏನೂ ಉಳಿದಿರಲಿಲ್ಲ.

ಅವಳು ಎಡ ಮಣಿಕಟ್ಟಿನ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, “ನಂಗೂ ನಿನ್ ಕಂಡ್ರೆ ಉರೀತಿತ್ತು ಕಣಮ್ಮಿ,” ಎಂದಳು. “ನಿನ್ನ ಜಡೆ ನೀನೇ ಹಾಕತೀಯ. ನಂಗೆ ದಿನಾ ಬೆಳಿಗ್ಗೆ ನಮ್ಮತ್ತೆ ಹಾಕ್ಬೇಕು, ಹಾಕ್ತಾ ಹಾಕ್ತಾ ಬೈಯ್ತರೆ. ಆದ್ರೆ ನಾನು ಆ ಉರಿನ ಆ ಮಗಿನ ಮ್ಯಾಲೆ ತೀರುಸ್ಕತಿರ್ನಿಲ್ಲ.”

ಕೊನೆಯ ಮಾತಿಗೆ ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಗುಂಡ್ಲುಪೇಟೆಯಲ್ಲಿ ಇಳಿದು ಸರಸರ ನಡೆದು ಹೋದಳು.

ಎರಡು ತಿಂಗಳ ಮೇಲೆ ಅವಳ ಫೋನ್ ಬಂತು. ಗುಂಡ್ಲುಪೇಟೆಯಲ್ಲೇ ಸಿದ್ಧ ಉಡುಪು ಹೊಲಿಯುವವರು ಹುಡುಗಿಯನ್ನು ಕೆಲಸಕ್ಕೆ ಕರೆದಿದ್ದರು. “ನೀನೇ ಓಗಿ ಯೋಳು,” ಎಂದಳು. ಹೋಗಿ ಹೇಳಿದೆ. ಹುಡುಗಿ ನನ್ನ ಎರಡೂ ಕೈ ಹಿಡಿದು ಕುಣಿದಳು. ಆಗ ತಡೆಯಲಾಗದೆ ತಾಯಿಯ ಮುಂದೆ ಅರ್ಜಿಯ ನಿಜವನ್ನೂ ಹೇಳಿಬಿಟ್ಟೆ.

ಅವರು ಒಳಗೆ ಹೋಗಿ ಚೀಲದ ತುಂಬ ಅವರೆಕಾಯಿ ತಂದು ನನ್ನ ಮುಂದಿಟ್ಟರು.

“ಆ ತಾಲ್ಲೂಕಿನವ್ವಂಗೆ ಕೊಟ್ಬುಡು. ಪಾಪ, ಅವತ್ತು ಸುಮ್ಮುಸುಮ್ನೆ ತಪ್ಪು ಒಪ್ಕೊಂಡ್ಳು.”

ನನಗೆಂದು ಒಂದು ಹಿಡಿಯೂ ಕೊಡಲಿಲ್ಲ. ಮರುದಿನ ಚೀಲ ಹೊತ್ತು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರೆಯ ಸೊಗಡು ಮೂಗಿಗೆ ಬಡಿಯುತ್ತಿತ್ತು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.