ನಿಲ್ಲದ ಕಿವಿ

ನಾನು ಹುಟ್ಟಾ ಸಂಶಯದವನು. ಹಾಲಿನವನ ಕ್ಯಾನಿನಲ್ಲಿ ಬೆರಳದ್ದಿ ನೋಡದೆ ಹಾಲು ಹಾಕಿಸಿಕೊಂಡವನಲ್ಲ. ಲೋಕಲ್ ರೈಲು ಹತ್ತಿ ಕೂತ ಮೇಲೂ ಇದು ದಾದರಿನಲ್ಲಿ ನಿಲ್ಲುತ್ತದೆಯೇ ಎಂದು ಮೂವರನ್ನು ಕೇಳುತ್ತಿದ್ದೆ. ಮೂವರೂ ಒಂದೇ ಉತ್ತರ ಕೊಟ್ಟರೆ, ಒಬ್ಬನನ್ನು ನೋಡಿ ಇನ್ನಿಬ್ಬರು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಇಂಥವನು ಐವತ್ತರ ದಶಕದ ನಡುವೆ ಒಂದು ಅಲ್ಸೇಷಿಯನ್ ನಾಯಿಮರಿ ಕೊಂಡೆ.

ಚೆಂಬೂರಿನ ನಮ್ಮ ಕಾಲೊನಿಯಲ್ಲಿ ಎರಡು ಮನೆ ಕಳ್ಳತನವಾಗಿತ್ತು. ಪರೇಲಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಎಂಜಿನ್ ಡ್ರೈವರ್ ದೇಶ ಬಿಟ್ಟು ಹೊರಡುವವನಿದ್ದ. ಮರಿಯ ಜೊತೆ ಅದರ ಅಪ್ಪ, ಅಜ್ಜಂದಿರ ಹೆಸರಿದ್ದ ಕಾಗದವನ್ನೂ ಕೊಟ್ಟ. "ರೋಜ್ ಗೋಶ್ತ್ ದೇನಾ ಬಾಬೂ, ಹಡ್ಡಿ ಕಾ ಸೂಪ್ ದೇನಾ. ಸುಬಹ್ ಕೀ ಧೂಪ್ ಭೀ," ಎಂದು, ದಿನಾ ಮಾಂಸ, ಮೂಳೆಯ ಸೂಪು, ಬೆಳಗಿನ ಬಿಸಿಲು ತಪ್ಪಿಸಬಾರದೆಂದು ಎರಡೆರಡು ಸಲ ಹೇಳಿದ. ಅದೇ ಗಲ್ಲಿಯ ತುದಿಯಲ್ಲಿ ಕಸಾಯಿಯ ಅಂಗಡಿಯಿತ್ತು. ಇವರಿಬ್ಬರದು ಒಳಒಪ್ಪಂದ ಎಂದು ನನಗೆ ಆಗಲೇ ಹೊಳೆಯಿತು.

ನಮ್ಮ ಮನೆಯಲ್ಲಿ ಈರುಳ್ಳಿಯೇ ದಿನ ನೋಡಿ ಒಳಗೆ ಬರುತ್ತಿತ್ತು, ಇನ್ನು ಮೂಳೆಯ ಮಾತೆಲ್ಲಿ? ಮರಿ ಅನ್ನ ಸಾರು ತಿಂದು ಬೆಳೆಯಿತು. ಯಾರಾದರೂ ಕದ್ದಾರೆಂದು ಹಗಲೆಲ್ಲ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕಟ್ಟಿಹಾಕುತ್ತಿದ್ದೆ. ಆರು ತಿಂಗಳು ಕಳೆದರೂ ಅದರ ಬಲಗಿವಿ ನೆಟ್ಟಗೆ ನಿಲ್ಲಲಿಲ್ಲ. ಮುಂಗಾಲುಗಳು ಹೊರಕ್ಕೆ ಬಾಗಿದವು. ಡ್ರೈವರ್ ನನಗೆ ಟೋಪಿ ಹಾಕಿದ, ಇದು ಬೆರಕೆ ಜಾತಿ ಎಂದು ನನಗೆ ಖಾತ್ರಿಯಾಯಿತು.

ಖಾತ್ರಿಯನ್ನು ಗಟ್ಟಿ ಮಾಡಿಕೊಳ್ಳಲು ಚಳಿಗಾಲದ ಭಾನುವಾರಗಳಲ್ಲಿ ನಾಯಿ ಪ್ರದರ್ಶನಗಳಿಗೆ ಹೋಗತೊಡಗಿದೆ. ಬೆನ್ನು ಹೇಗೆ ಇಳಿಜಾರಿರಬೇಕು, ಹಲ್ಲು ಹೇಗೆ ಕೂಡಬೇಕು, ಬಾಲ ಎಲ್ಲಿಯವರೆಗೆ ಬರಬೇಕು ಎಂಬುದನ್ನೆಲ್ಲ ಒಂದು ಪುಸ್ತಕದಿಂದ ಬರೆದುಕೊಂಡು ಜೇಬಿನಲ್ಲಿಟ್ಟಿದ್ದೆ. ಅಲ್ಲಿ ಕಂಡದ್ದು ನನ್ನಂಥವನಿಗೆ ಹಬ್ಬ. ಒಬ್ಬಾಕೆ ಟೆರಿಯರಿನ ಕಾಲಿಗೆ ಬಿಳಿ ಪೌಡರ್ ತಿಕ್ಕುತ್ತಿದ್ದಳು. ಇನ್ನೊಬ್ಬ ತನ್ನ ನಾಯಿಯ ಬೋಳಾದ ಪಕ್ಕೆಯನ್ನು ತೀರ್ಪುಗಾರರಿಂದ ಮರೆಮಾಡುತ್ತ ಸುತ್ತು ಹೊಡೆಸುತ್ತಿದ್ದ. ಎಲ್ಲರೂ ಕಳ್ಳರೇ ಎಂಬ ತೃಪ್ತಿಯಿಂದ ಮನೆಗೆ ಬಂದು, ಹೆಂಡತಿಯ ಹೊಲಿಗೆ ಟೇಪಿನಿಂದ ನನ್ನ ನಾಯಿಯನ್ನು ಅಳೆಯುತ್ತಿದ್ದೆ. ಅದು ಬಾಲ ಅಲ್ಲಾಡಿಸುತ್ತ ಟೇಪನ್ನೇ ನೆಕ್ಕುತ್ತಿತ್ತು.

"ಅದೇನು ಕದ್ದ ಮಾಲೇನ್ರೀ, ಹಾಗೆ ತಿರುಗಿಸಿ ತಿರುಗಿಸಿ ನೋಡ್ತೀರಲ್ಲ?" ಎಂದು ಅವಳು ರೇಗುತ್ತಿದ್ದಳು. ಅವಳಿಗೆ ಅದರ ಮೇಲೆ ಜೀವ. ನಾನು ಮಾತ್ರ ತೀರ್ಮಾನಿಸಿಯಾಗಿತ್ತು. ಮುಂದಿನ ಪ್ರದರ್ಶನದಲ್ಲಿ ತೀರ್ಪುಗಾರರಿಗೆ ತೋರಿಸುವುದು, ಬೆರಕೆ ಎಂದರೆ ಸೋಮವಾರವೇ ಹತ್ತಿರದ ಕಾರ್ಖಾನೆಯ ವಾಚ್‌ಮನ್‌ಗೆ ಕೊಟ್ಟುಬಿಡುವುದು. ಅವನಿಗೆ ಹೇಳಿಯೂ ಇಟ್ಟಿದ್ದೆ.

ಆ ಭಾನುವಾರ ಹೆಂಡತಿಯೂ ಹಟ ಮಾಡಿ ಜೊತೆಗೆ ಬಂದಳು. ಟ್ಯಾಕ್ಸಿ ಮಾಡಿಕೊಂಡು ದಾದರಿನ ಮೈದಾನಕ್ಕೆ ಹೋದೆವು. ತೀರ್ಪುಗಾರರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಸ್ಪರ್ಧೆಯೆಲ್ಲ ಮುಗಿದ ಮೇಲೆ ಕಾಗದ ನೋಡಿದರು, ಮಂಡಿಯೂರಿ ನಾಯಿಯ ತಲೆ, ಎದೆ, ಹಲ್ಲು ಮುಟ್ಟಿದರು. "ಕಾಗದ ಸುಳ್ಳು ಹೇಳುತ್ತಿಲ್ಲ, ಒಳ್ಳೆಯ ತಳಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇವರಿಗೂ ಆ ಡ್ರೈವರಿಗೂ ಪರಿಚಯವಿರಬಹುದೇ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರು ಮುಂಗಾಲಿನ ಊದಿದ ಗಂಟನ್ನು ಮೆಲ್ಲಗೆ ಒತ್ತಿದರು. ನಾಯಿ ಕುಂಯ್ ಎಂದು ಬಂದು ನನ್ನ ಕಾಲ ಹಿಂದೆ ಅವಿತು ನಿಂತಿತು.

"ಇದು ರಕ್ತದ ದೋಷವಲ್ಲ. ತಿನ್ನಲು ಸರಿಯಾದದ್ದು ಸಿಕ್ಕಿಲ್ಲ, ಬಿಸಿಲು ಕಂಡಿಲ್ಲ. ಮೂಳೆ ಮೆತ್ತಗಾಗಿದೆ, ಕಿವಿಗೂ ಬಲ ಬಂದಿಲ್ಲ. ಇದನ್ನು ಸಾಕಿದವರು ಯಾರು?"

"ನಾವಲ್ಲ ಸರ್," ಎಂದೆ. "ಹೋದ ತಿಂಗಳು ನಮ್ಮಲ್ಲಿಗೆ ಬಂತು. ಬರುವಾಗಲೇ ಹೀಗಿತ್ತು."

ಅಷ್ಟು ಇಂಗ್ಲಿಷು ನನ್ನ ಹೆಂಡತಿಗೆ ತಿಳಿಯುತ್ತಿತ್ತು. ಅವಳು ನನ್ನ ಕೈಯಿಂದ ಸರಪಳಿ ತೆಗೆದುಕೊಂಡಳು. ಟ್ಯಾಕ್ಸಿಯಲ್ಲಿ ಕೂತ ಮೇಲೆ, ಕಿಟಕಿಯ ಕಡೆ ಮುಖ ಮಾಡಿ, "ನಾವಲ್ಲ ಅಂದ್ರಲ್ಲ, ಅದು ನಿಮ್ಮನ್ನೇ ಒರಗಿಕೊಂಡು ನಿಂತಿತ್ತು ರೀ," ಎಂದಳು. ನಾಚಿಕೆಯಿಂದ ನನ್ನ ಮೈ ಹಿಡಿಯಾಯಿತು. ಊರಿಗೆಲ್ಲ ಕಳ್ಳರ ಪಟ್ಟ ಕಟ್ಟಿದವನು ಒಂದು ಮೂಕ ಪ್ರಾಣಿಯ ಮುಂದೆಯೇ ಸಿಕ್ಕಿಬಿದ್ದಿದ್ದೆ.

ಸೋಮವಾರ ಸಂಜೆ ವಾಚ್‌ಮನ್ ಹಗ್ಗ ಹಿಡಿದು ಬಂದ. ನಾಯಿ ಕೊಡುವುದಿಲ್ಲ ಎಂದೆ.

"ಕ್ಯೂಂ ಸಾಹೇಬ್, ಅಸಲೀ ನಿಕ್ಲಾ ಕ್ಯಾ?" ಎಂದು ನಕ್ಕ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ನಾಯಿ ಅಸಲಿಯೇ, ಅದನ್ನು ಕೆಡಿಸಿದವನು ನಾನು ಎಂದು ನನ್ನ ಹರಕು ಹಿಂದಿಯಲ್ಲಿ ಅವನಿಗೆ ಹೇಳಿದೆ.